ಮಡಿಕೇರಿ ಕೋಟೆಯೊಳಗಿನ ಹಳೆ ಚರ್ಚು: ಅದರ ಜನ ಎಲ್ಲಿಗೆ ಹೋದರು?

ಮಂಜುಬೆಟ್ಟ

ಎಲ್ಲರಿಗೂ ನಮಸ್ಕಾರ. ಹೋದ ವಾರ ಅಕ್ಕನ ಮಕ್ಕಳು ಮನೆಗೆ ಬಂದಿದ್ದರು. ಮಳೆ ಜೋರಾಗಿತ್ತು. ರಾಜಾಸೀಟಿಗೆ ಹೋದರೆ ಮಂಜು ಬಿಟ್ಟು ಬೇರೇನೂ ಕಾಣುವುದಿಲ್ಲ. ಹಾಗಾಗಿ ಕೋಟೆಗೆ ಕರೆದುಕೊಂಡು ಹೋದೆ. ಗಾರೆಯ ಎರಡು ಆನೆ ನೋಡಿದರು, ಫೋಟೋ ಆಯಿತು. ಆಮೇಲೆ ಮಳೆ ತಪ್ಪಿಸಿಕೊಳ್ಳಲು ಮ್ಯೂಸಿಯಂ ಒಳಗೆ ನುಗ್ಗಿದೆವು.

ನಾನು ವೀರಗಲ್ಲು ತೋರಿಸುತ್ತಿದ್ದೆ. ಎಂಟು ವರ್ಷದ ಚಿಕ್ಕವಳು ಕಲ್ಲು ನೋಡಲೇ ಇಲ್ಲ. ತಲೆ ಎತ್ತಿ ಕಿಟಕಿ ನೋಡುತ್ತಿದ್ದಳು. "ಚಿಕ್ಕಮ್ಮ, ಈ ಕಿಟಕಿ ಯಾಕೆ ಮೇಲೆ ಚೂಪಾಗಿದೆ?" ಅಂದಳು. ಇದು ಮೊದಲು ಚರ್ಚು ಆಗಿತ್ತು ಮಗಾ ಅಂದೆ. ಅದಕ್ಕೆ ಅವಳು ಕೇಳಿದ್ದು, "ಹಾಗಾದ್ರೆ ಅದರ ಜನ ಎಲ್ಲಿಗೆ ಹೋದ್ರು?"

ನನ್ನ ಬಳಿ ಉತ್ತರ ಇರಲಿಲ್ಲ. ಈ ಊರಲ್ಲೇ ಹುಟ್ಟಿ ಬೆಳೆದವಳು ನಾನು. ಶಾಲೆಯಿಂದ ಮೂರು ಸಲ ಆ ಮ್ಯೂಸಿಯಂಗೆ ಹೋಗಿದ್ದೇನೆ. ಒಮ್ಮೆಯೂ ಆ ಪ್ರಶ್ನೆ ನನಗೆ ಬರಲಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ. ಕಟ್ಟಡದ ಬಗ್ಗೆಯೂ ಹೇಳಿ, ಜನರ ಬಗ್ಗೆಯೂ ಹೇಳಿ.

ಕುಶಾಲನಗರ ಬಸ್ಸು

ಅದು ಬಾಸೆಲ್ ಮಿಶನ್ ಚರ್ಚು ಅಲ್ವಾ? ಕಿಟೆಲ್ ಕಾಲದ್ದು ಅಂತ ಯಾರೋ ಹೇಳಿದ್ದರು.

ಹಳೆ ಮೇಷ್ಟ್ರು

ಅಲ್ಲ. ಈ ತಪ್ಪು ತುಂಬಾ ಜನರಲ್ಲಿದೆ. ಅದನ್ನು ಮೊದಲು ಬಿಡಿಸಿಬಿಡೋಣ, ಯಾಕೆಂದರೆ ಆ ಮಗುವಿನ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಕೋಟೆಯ ಚರ್ಚಿನ ಹೆಸರು ಸೇಂಟ್ ಮಾರ್ಕ್ಸ್. ಅದು ಆಂಗ್ಲಿಕನ್ ಚರ್ಚು, ಅಂದರೆ ಇಂಗ್ಲೆಂಡಿನ ಸರ್ಕಾರಿ ಸಭೆಗೆ ಸೇರಿದ್ದು. 1834ರ ಏಪ್ರಿಲಿನಲ್ಲಿ ಕಂಪನಿ ಸೇನೆ ಮಡಿಕೇರಿಗೆ ಬಂತು. ಅರಸ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ಸೇರಿಸಿಕೊಂಡರು. ಅಲ್ಲಿಂದ ಕೋಟೆ ಅವರ ಕೈಗೆ ಹೋಯಿತು. ಸಿಪಾಯಿಗಳು, ಅಧಿಕಾರಿಗಳು, ಅವರ ಮನೆಯವರು ಬಂದು ನೆಲೆಸಿದರು. 1855ರಲ್ಲಿ ಚರ್ಚಿನ ಕೆಲಸ ಶುರು ಮಾಡಿ 1859ರಲ್ಲಿ ಮುಗಿಸಿದರು. ಆಗ ಮೈಸೂರಿಗೂ ಕೊಡಗಿಗೂ ಒಬ್ಬರೇ ಕಮಿಷನರ್, ಮಾರ್ಕ್ ಕಬ್ಬನ್. ಬೆಂಗಳೂರಿನ ಪಾರ್ಕಿನಲ್ಲಿ ಹೆಸರಿರುವ ಅದೇ ಕಬ್ಬನ್.

ಅಲ್ಲಿ ಆರಾಧನೆ ನಡೆಸುತ್ತಿದ್ದವರು ಮಿಶನರಿಗಳಲ್ಲ, ಸರ್ಕಾರದ ಸಂಬಳ ತೆಗೆದುಕೊಳ್ಳುವ ಚಾಪ್ಲಿನ್‌ಗಳು. ಅವರ ಕೆಲಸ ಬ್ರಿಟಿಷ್ ಅಧಿಕಾರಿ, ಸೈನಿಕರ ಮದುವೆ, ಸಾವು, ಭಾನುವಾರದ ಪ್ರಾರ್ಥನೆ ನೋಡಿಕೊಳ್ಳುವುದು. ಊರಿನವರಿಗೆ ಬೋಧನೆ ಮಾಡುವುದಲ್ಲ.

ಬಾಸೆಲ್ ಮಿಶನ್ ಬೇರೆ. ಅವರು ಜರ್ಮನಿ, ಸ್ವಿಟ್ಜರ್ಲೆಂಡ್ ಕಡೆಯವರು. ಕನ್ನಡ ಕಲಿತು, ಕನ್ನಡದಲ್ಲೇ ಬೋಧಿಸಿ, ಕನ್ನಡದಲ್ಲೇ ಅಚ್ಚು ಹಾಕಿದವರು. ಅವರು ಕೊಡಗಿಗೆ ಬಂದದ್ದು 1853ರಲ್ಲಿ. ಎರಡೂ ಪ್ರೊಟೆಸ್ಟಂಟ್ ಸಭೆಗಳೇ. ಆದರೆ ಒಂದು ಕೋಟೆಯ ಒಳಗಿನ ಚರ್ಚು, ಇನ್ನೊಂದು ಕಾಡು, ಗದ್ದೆ, ಕಾಫಿ ತೋಟದ ಚರ್ಚು.

ಹಾಲೇರಿ ದಾರಿ

ಮೇಷ್ಟ್ರೇ, ಒಂದು ಮಾತು ಬಿಟ್ಟಿರಿ. ಆ ಜಾಗದಲ್ಲಿ ವೀರಭದ್ರ ದೇವಸ್ಥಾನ ಇತ್ತು. ಅದನ್ನು ಕೆಡವಿ ಚರ್ಚು ಕಟ್ಟಿದರು. ಕಿಟಕಿಯ ಚೆಂದ ಮಾತಾಡುವ ಮೊದಲು ಅದನ್ನು ಹೇಳಬೇಕಿತ್ತು. ನನಗೆ ಆ ಕಟ್ಟಡದ ಮುಂದೆ ನಿಂತರೆ ಮನಸ್ಸಿಗೆ ಸಮಾಧಾನ ಇರುವುದಿಲ್ಲ.

ಹಳೆ ಮೇಷ್ಟ್ರು

ನೀವು ಹೇಳಿದ್ದು ಸರಿ. ನಾನೇ ಹೇಳಬೇಕಿತ್ತು. 1855ರಲ್ಲಿ ವೀರಭದ್ರ ಗುಡಿ ಕೆಡವಿಯೇ ಚರ್ಚಿಗೆ ಜಾಗ ಮಾಡಿದರು.

ಆ ಗುಡಿ ಅಲ್ಲಿ ಯಾಕಿತ್ತು ಅನ್ನುವುದನ್ನೂ ಹೇಳುತ್ತೇನೆ. ಕೊಡಗನ್ನು ಆಳಿದ ಹಾಲೇರಿ ಅರಸರು ಲಿಂಗಾಯತರು. ವೀರಭದ್ರ ಅವರಿಗೆ ಹತ್ತಿರದ ದೇವರು. 17ನೇ ಶತಮಾನದಲ್ಲಿ ಮುದ್ದುರಾಜ ಇಲ್ಲಿ ಮಣ್ಣಿನ ಕೋಟೆ ಕಟ್ಟಿಸಿದ. ಟಿಪ್ಪು ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಅಂತ ಹೆಸರಿಟ್ಟ. 1790ರಲ್ಲಿ ದೊಡ್ಡವೀರರಾಜೇಂದ್ರ ಅದನ್ನು ಮರಳಿ ಪಡೆದ. 1812ರಿಂದ 1814ರ ನಡುವೆ ಲಿಂಗರಾಜೇಂದ್ರ ಅರಮನೆಯನ್ನು ಹೊಸದಾಗಿ ಕಟ್ಟಿಸಿದ. ಇಷ್ಟು ಕೈ ಬದಲಾದ ಕೋಟೆಯಲ್ಲಿ ಆ ಗುಡಿ ಅರಸರ ಮನೆದೇವರ ಹಾಗೆ ಇತ್ತು. 1834ರಲ್ಲಿ ಅರಸರೇ ಹೋದರು. ಗುಡಿಯ ಪರವಾಗಿ ಮಾತಾಡುವ ಶಕ್ತಿ ಇದ್ದವರು ಕೋಟೆಯಲ್ಲಿ ಯಾರೂ ಉಳಿಯಲಿಲ್ಲ. ಗೆದ್ದವರು ತಮಗೆ ಬೇಕಾದ ಜಾಗ ತೆಗೆದುಕೊಂಡರು. ಅದು ಅನ್ಯಾಯವೇ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಮಾಡುವಾಗಲೂ ನಾನು ಹಾಗೇ ಹೇಳಿದ್ದೇನೆ.

ಅಮ್ಮತ್ತಿ ಕಾಫಿ

ಹಾಲೇರಿ ದಾರಿ ಅಣ್ಣ, ನಾನು ಪ್ರೊಟೆಸ್ಟಂಟ್ ಮನೆಯವಳು. ನಮ್ಮ ಮುತ್ತಜ್ಜನ ಕಾಲದಿಂದ ಬಾಸೆಲ್ ಮಿಶನ್ನಿನವರು. ನಿಮ್ಮ ಮಾತಿಗೆ ನನ್ನ ತಕರಾರು ಇಲ್ಲ. ಗುಡಿ ಇತ್ತು, ಕೆಡವಿದರು ಅನ್ನುವುದನ್ನು ಆ ಕಟ್ಟಡದ ಬಾಗಿಲಲ್ಲೇ ಎಲ್ಲರಿಗೂ ಕಾಣುವ ಹಾಗೆ ಕನ್ನಡದಲ್ಲಿ ಬರೆಯಬೇಕು ಅನ್ನುವುದು ನನ್ನ ಆಸೆ. ಮುಚ್ಚಿಟ್ಟರೆ ನಮಗೂ ಒಳ್ಳೆಯದಲ್ಲ.

ಆದರೆ ನನ್ನದೊಂದು ನೋವು ಕೇಳಿ. ಊರಲ್ಲಿ ಯಾರಾದರೂ "ನಿಮ್ಮವರು ಗುಡಿ ಕೆಡವಿದವರು" ಅಂದಾಗ ನನಗೆ ತುಂಬಾ ಬೇಸರ ಆಗುತ್ತದೆ. ನಮ್ಮ ಹಿರಿಯರು ಆ ಚರ್ಚಿನವರೇ ಅಲ್ಲ. ಅದು ದೊರೆಗಳ ಚರ್ಚು. ನಮ್ಮ ಕಥೆಯೇ ಬೇರೆ. ನಾಳೆ ಸಮಯ ಮಾಡಿಕೊಂಡು ಬರೆಯುತ್ತೇನೆ.

ಹಾಲೇರಿ ದಾರಿ

ಬರೆಯಿರಿ ಅಕ್ಕ. ನನಗೆ ಈ ವ್ಯತ್ಯಾಸ ಗೊತ್ತಿರಲಿಲ್ಲ. ಬೇಸರ ಮಾಡಿದ್ದರೆ ಕ್ಷಮಿಸಿ.

ಗಾರೆಮನೆ

ಜನರ ಕಥೆ ಬರುವ ಮೊದಲು ಕಟ್ಟಡದ ಬಗ್ಗೆ ನಾನು ಸ್ವಲ್ಪ ಹೇಳಲಾ? ಅಪ್ಪ ಗಾರೆ ಕೆಲಸದವರು. ನಾನೂ ಇಪ್ಪತ್ತು ವರ್ಷದಿಂದ ಅದೇ ಕೆಲಸ. ಸೋಮವಾರಪೇಟೆ ಕಡೆ ಹಳೆ ಮನೆಗಳ ರಿಪೇರಿ ಜಾಸ್ತಿ ಮಾಡುತ್ತೇನೆ.

ಮೊದಲು ಆ ಮಗುವಿನ ಚೂಪು ಕಿಟಕಿ. ಇದಕ್ಕೆ ಗೋಥಿಕ್ ಶೈಲಿ ಅನ್ನುತ್ತಾರೆ. ಯೂರೋಪಿನಲ್ಲಿ ಸುಮಾರು 12ನೇ ಶತಮಾನದಲ್ಲಿ ಶುರುವಾದದ್ದು. ಸೇಂಟ್ ಮಾರ್ಕ್ಸ್ ಕಟ್ಟುವ ಹೊತ್ತಿಗೆ ಇಂಗ್ಲೆಂಡಿನಲ್ಲಿ ಆ ಹಳೆ ಶೈಲಿಯನ್ನು ಮತ್ತೆ ತರುವ ಉಮೇದು ಜೋರಾಗಿತ್ತು. ಚರ್ಚು ಅಂದರೆ ಗೋಥಿಕ್ ಆಗಿರಬೇಕು ಅನ್ನುವ ಮನಸ್ಸು. ಅಲ್ಲಿಂದ ಅದು ಇಲ್ಲಿಗೆ ಬಂತು.

ಚೂಪು ಕಮಾನಿನಲ್ಲಿ ಒಂದು ಲೆಕ್ಕ ಇದೆ. ಅರ್ಧಚಂದ್ರದ ಕಮಾನು ಮೇಲಿನ ಭಾರವನ್ನು ಪಕ್ಕಕ್ಕೆ ಜಾಸ್ತಿ ತಳ್ಳುತ್ತದೆ. ಗೋಡೆ ಹೊರಗೆ ವಾಲದಂತೆ ತುಂಬಾ ದಪ್ಪ ಇರಬೇಕಾಗುತ್ತದೆ. ಚೂಪು ಕಮಾನು ಭಾರವನ್ನು ಹೆಚ್ಚು ಕೆಳಕ್ಕೆ ಇಳಿಸುತ್ತದೆ. ಪಕ್ಕದ ತಳ್ಳು ಕಡಿಮೆ. ಉಳಿದದ್ದಕ್ಕೆ ಹೊರಗಿಂದ ಆಸರೆ ಕೊಡುತ್ತಾರೆ, ಬಟ್ರೆಸ್ ಅಂತ. ಹಾಗಾಗಿ ಗೋಡೆಯಲ್ಲಿ ಎತ್ತರದ ಕಿಟಕಿ ಬಿಡಲು ಆಗುತ್ತದೆ. ಕಿಟಕಿ ಎತ್ತರ ಇದ್ದರೆ ಬೆಳಕು ಒಳಗೆ ದೂರದವರೆಗೆ ಬೀಳುತ್ತದೆ. ಅದಕ್ಕೆ ಬಣ್ಣದ ಗಾಜು ಹಾಕಿದರೆ ಆ ಬೆಳಕೇ ಬೇರೆ. ಸೇಂಟ್ ಮಾರ್ಕ್ಸ್‌ನಲ್ಲಿ ಬಣ್ಣದ ಗಾಜು ಇದೆ. ಮುಂದಿನ ಸಲ ಬೆಳಿಗ್ಗೆ ಬಿಸಿಲು ಇರುವ ದಿನ ಹೋಗಿ. ಮಳೆಯ ದಿನ ಅದು ಸುಮ್ನೆ ಮಬ್ಬು ಗಾಜು.

ಅರಮನೆ, ಓಂಕಾರೇಶ್ವರ, ಅರಸರ ಸಮಾಧಿಗಳಿರುವ ಗದ್ದಿಗೆ, ಈ ಚರ್ಚು, ನಾಲ್ಕನ್ನೂ ಒಂದೇ ದಿನ ನಡೆದು ನೋಡಿ. ಓಂಕಾರೇಶ್ವರ 1820ರದ್ದು, ಅದಕ್ಕೆ ಗುಮ್ಮಟ ಇದೆ, ಮೂಲೆಯಲ್ಲಿ ಮಿನಾರಿನಂಥ ಕಂಬಗಳಿವೆ. ಶಿವನ ಗುಡಿಗೆ ಗುಮ್ಮಟ! ಗದ್ದಿಗೆಗೂ ಹಾಗೇ. ಹತ್ತು ನಿಮಿಷ ನಡೆದರೆ ಇಂಗ್ಲೆಂಡಿನ ಚೂಪು ಕಮಾನು. ಇಷ್ಟು ಸಣ್ಣ ಊರಿನಲ್ಲಿ ಇಷ್ಟು ಬಗೆಯ ಕಮಾನು ನೋಡಲು ಸಿಗುವುದು ನಮ್ಮ ಪುಣ್ಯ. ನಾನು ಹೊಸ ಹುಡುಗರನ್ನು ಕೆಲಸಕ್ಕೆ ಸೇರಿಸಿಕೊಂಡಾಗ ಮೊದಲ ಭಾನುವಾರ ಈ ನಾಲ್ಕಕ್ಕೂ ಕರೆದುಕೊಂಡು ಹೋಗುತ್ತೇನೆ.

ಕುಡ್ಲದ ಹೆಂಚು

ಮಂಗಳೂರಿನಿಂದ ಒಂದು ಮಾತು ಸೇರಿಸುತ್ತೇನೆ. ಕೊಡಗಿನ ಹಳೆ ಚರ್ಚು, ಹಳೆ ಬಂಗಲೆ ಅಂದ ಕೂಡಲೇ ಕಣ್ಣಿಗೆ ಬರುವುದು ಕೆಂಪು ಮಂಗಳೂರು ಹೆಂಚು. ಆದರೆ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಅವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದೇ 1865ರಲ್ಲಿ. ಸೇಂಟ್ ಮಾರ್ಕ್ಸ್ ಮುಗಿದದ್ದು 1859. ಅಂದರೆ ಕಟ್ಟಿದಾಗ ಆ ಚರ್ಚಿನ ಮೇಲೆ ಮಂಗಳೂರು ಹೆಂಚು ಇರಲು ಸಾಧ್ಯವೇ ಇಲ್ಲ. ಅದಕ್ಕೂ ಮೊದಲು ಇದ್ದದ್ದು ಕೈಯಲ್ಲಿ ಬಗ್ಗಿಸಿದ ನಾಡ ಹೆಂಚು ಅಥವಾ ಹುಲ್ಲು.

ನಾಡ ಹೆಂಚು ಒಂದರ ಮೇಲೊಂದು ಸುಮ್ನೆ ಕೂರುತ್ತದೆ. ಮಂಗ ಓಡಾಡಿದರೆ, ಗಾಳಿ ಬೀಸಿದರೆ ಜಾರುತ್ತದೆ. ವರ್ಷವರ್ಷ ಕೈಯಾಡಿಸಬೇಕು. ಮಂಗಳೂರು ಹೆಂಚಿಗೆ ಗಾಡಿ, ಅಂದರೆ ಉದ್ದಕ್ಕೆ ಕೊರೆದಂಥ ಗೆರೆ ಇರುತ್ತದೆ, ಒಂದರೊಳಗೆ ಒಂದು ಕಚ್ಚಿಕೊಳ್ಳುತ್ತದೆ, ಕೆಳಗೆ ರೀಪಿಗೆ ಸಿಕ್ಕಿಸುವ ಮೂಗು ಇರುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಮಡಿಕೇರಿಯಂಥ ಊರಿಗೆ ಅದು ದೊಡ್ಡ ಉಪಕಾರ.

ಅಮ್ಮತ್ತಿ ಕಾಫಿ

ಹೇಳಿದ ಹಾಗೆ ಬಂದಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ನಮ್ಮ ಸಭೆಯ ಕಥೆ ಶುರುವಾಗುವುದು ಒಬ್ಬ ಕೊಡವರಿಂದ. ಅಲ್ಮಂಡ ಸೋಮಯ್ಯ ಅಂತ. ಅವರು ಮಂಗಳೂರಿಗೆ ಹೋಗಿ ಹರ್ಮನ್ ಮೋಗ್ಲಿಂಗ್ ಅವರಿಂದ ದೀಕ್ಷಾಸ್ನಾನ ತೆಗೆದುಕೊಂಡರು. ಸ್ತೆಫಾನ ಅಂತ ಹೆಸರು ಇಟ್ಟುಕೊಂಡರು. ಮೋಗ್ಲಿಂಗ್ ಆ ಹೊತ್ತಿಗೆ ಊರಿಗೆ ಮರಳುವ ಯೋಚನೆಯಲ್ಲಿದ್ದರಂತೆ. ಸೋಮಯ್ಯನವರ ಜೊತೆ 1853ರಲ್ಲಿ ಕೊಡಗಿಗೆ ಬಂದರು. ಅಲ್ಮಂಡದಲ್ಲೇ ಕೆಲಸ ಶುರುವಾಯಿತು.

ಮೋಗ್ಲಿಂಗ್ ಯಾರು ಅಂತ ಕನ್ನಡದವರಿಗೆ ಹೆಚ್ಚು ಹೇಳಬೇಕಿಲ್ಲ. 1843ರ ಜುಲೈ 1ರಂದು ಮಂಗಳೂರ ಸಮಾಚಾರ ಹೊರಡಿಸಿದವರು. ಕನ್ನಡದ ಮೊದಲ ಪತ್ರಿಕೆ. ನಾವು ಆ ದಿನವನ್ನು ಈಗಲೂ ಪತ್ರಿಕಾ ದಿನ ಅಂತ ಆಚರಿಸುತ್ತೇವೆ. ಹಳಗನ್ನಡದ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಹಾಕಿಸಿದವರೂ ಅವರೇ. ಅಂಥವರು ಕಾಡಿನ ನಡುವೆ ನಮ್ಮ ಕಡೆ ಬಂದು ಕೂತರು.

ಇನ್ನೊಂದು ಹೆಸರು ಹೇಳದಿದ್ದರೆ ನನಗೆ ತೃಪ್ತಿ ಇಲ್ಲ. ಆನಂದರಾವ್ ಕೌಂಡಿನ್ಯ. ಮಂಗಳೂರಿನ ಬ್ರಾಹ್ಮಣ ಮನೆಯವರು. 1844ರಲ್ಲಿ ಕ್ರೈಸ್ತರಾದರು. ಬಾಸೆಲ್‌ಗೆ ಹೋಗಿ ಓದಿ, ಸಭಾಪಾಲಕರಾಗಿ ಮರಳಿದರು. ಮೋಗ್ಲಿಂಗ್ ಅವರ ಹರ್ಮನ್ ಅನ್ನುವ ಹೆಸರನ್ನೂ ತಮ್ಮ ಹೆಸರಿಗೆ ಸೇರಿಸಿಕೊಂಡವರು. 1857ರಲ್ಲಿ ಈ ಕೌಂಡಿನ್ಯ ಬ್ಯಾಂಬೂ ಕಡೆ ಕಾಫಿ ತೋಟದ ಜೊತೆ ಒಂದು ಊರನ್ನೇ ಮಾಡಿದರು. ಅದೇ ಆನಂದಪುರ. ಊರಿನ ಹೆಸರಲ್ಲೇ ಅವರ ಹೆಸರಿದೆ. ಕೊಡಗಿನ ಕಾಫಿ ಅಂದರೆ 1854ರಲ್ಲಿ ಮಡಿಕೇರಿಯಲ್ಲಿ ತೋಟ ಮಾಡಿದ ಫೌಲರ್ ಹೆಸರು ಎಲ್ಲರೂ ಹೇಳುತ್ತಾರೆ. ಅದಾಗಿ ಮೂರೇ ವರ್ಷಕ್ಕೆ ಒಬ್ಬ ಕನ್ನಡ ನಾಡಿನ ಪಾದ್ರಿ ತೋಟ ಮಾಡಿದ್ದು ಯಾರಿಗೂ ನೆನಪಿಲ್ಲ.

ಆನಂದಪುರಕ್ಕೆ ಬಂದು ಸೇರಿದವರು ಹೆಚ್ಚಾಗಿ ದಲಿತ ಕುಟುಂಬಗಳು. ತಲೆಮಾರುಗಳಿಂದ ಬೇರೆಯವರ ಗದ್ದೆಯಲ್ಲಿ ಜೀತ ಮಾಡಿದವರು. ಅವರಿಗೆ ಸ್ವಂತ ನೆಲ ಅನ್ನುವುದೇ ಇರಲಿಲ್ಲ. ಇಲ್ಲಿ ಕೆಲಸ ಸಿಕ್ಕಿತು, ಮನೆ ಸಿಕ್ಕಿತು, ಮಕ್ಕಳಿಗೆ ಅಕ್ಷರ ಸಿಕ್ಕಿತು. ಇದು ನಮ್ಮ ಮನೆಯ ಕಥೆಯೂ ಹೌದು. ನನ್ನ ಅಜ್ಜಿ ಹೇಳುತ್ತಿದ್ದರು, ನಮ್ಮವರಲ್ಲಿ ಮೊದಲು ಓದು ಕಲಿತವರು ರಾತ್ರಿ ದೀಪದ ಮುಂದೆ ಗಟ್ಟಿಯಾಗಿ ಸುವಾರ್ತೆ ಓದುತ್ತಿದ್ದರಂತೆ. ಉಳಿದವರು ಸುಮ್ಮನೆ ಕೂತು ಕೇಳುತ್ತಿದ್ದರಂತೆ. ಅರ್ಥ ಆದಷ್ಟೂ ಆಯಿತು. ನಮ್ಮವನೊಬ್ಬ ಓದುತ್ತಾನಲ್ಲ ಅನ್ನುವುದೇ ದೊಡ್ಡದಾಗಿತ್ತು ಅಂತ ಅಜ್ಜಿ ಹೇಳುವಾಗ ಅವರ ದನಿ ನಡುಗುತ್ತಿತ್ತು.

ನಮ್ಮ ಚರ್ಚುಗಳಲ್ಲಿ ಕೋಟೆಯ ಚರ್ಚಿನ ಹಾಗೆ ಅಲಂಕಾರ ಹುಡುಕಬೇಡಿ. ಬಾಸೆಲ್ ಮಿಶನ್ನಿನವರು ಸರಳವಾಗಿ ಕಟ್ಟುತ್ತಿದ್ದರು. ಉದ್ದನೆಯ ಒಂದು ಹಾಲ್, ಸುಣ್ಣ ಬಳಿದ ಗೋಡೆ, ಮರದ ಬೆಂಚು. ಮುಂದೆ ಕರ್ತನ ಮೇಜು, ಪಕ್ಕದಲ್ಲಿ ಪ್ರಸಂಗಪೀಠ. ಮೂರ್ತಿಗಳಿಲ್ಲ. ಎಲ್ಲರಿಗೂ ವಾಕ್ಯ ಕೇಳಿಸಬೇಕು, ಹಾಡು ಒಟ್ಟಿಗೆ ಹಾಡಬೇಕು, ಅಷ್ಟೇ ಲೆಕ್ಕ. ಜರ್ಮನ್ ರಾಗಕ್ಕೆ ಕೂರಿಸಿದ ಕನ್ನಡ ಕೀರ್ತನೆಗಳನ್ನು ನಾವು ಈಗಲೂ ನಾಲ್ಕು ಸ್ವರದಲ್ಲಿ ಹಾಡುತ್ತೇವೆ. ಮಳೆಗಾಲದಲ್ಲಿ ಹೆಂಚಿನ ಮೇಲೆ ಮಳೆ ಸದ್ದು ಜೋರಾದಾಗ ಹಾಡೂ ಜೋರಾಗುತ್ತದೆ.

ಕುಶಾಲನಗರ ಬಸ್ಸು

ಅಕ್ಕ, ಓದಿ ಮೈ ಜುಮ್ ಎಂದಿತು. ಹಾಗಾದರೆ ಕಿಟೆಲ್ ಕೊಡಗಿಗೆ ಬಂದೇ ಇಲ್ವಾ?

ಹಳೆ ಮೇಷ್ಟ್ರು

ಬಂದಿದ್ದರು. ಮಡಿಕೇರಿಯಲ್ಲೂ ಕೆಲವು ಕಾಲ ಕೆಲಸ ಮಾಡಿದರು. ಕೊಡಗಿನ ನಂಬಿಕೆ, ಆಚರಣೆಗಳ ಬಗ್ಗೆ ಬರೆದದ್ದೂ ಇದೆ. 1894ರಲ್ಲಿ ಬಂದ ಅವರ ಕನ್ನಡ ನಿಘಂಟು ನನ್ನ ಮೇಜಿನ ಮೇಲೆ ಈಗಲೂ ಇದೆ. ಅದೇ ಮಿಶನ್ನಿನ ರಿಕ್ಟರ್ ಮಡಿಕೇರಿಯಲ್ಲಿ ಶಾಲೆಯ ಕೆಲಸ ನೋಡಿಕೊಂಡವರು. ಕೊಡಗಿನ ಬಗ್ಗೆ ಅವರು ಬರೆದ ಕೈಪಿಡಿ 1870ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಆ ಕಾಲದ ಕೊಡಗು ಹೇಗಿತ್ತು ಅಂತ ತಿಳಿಯಲು ನಾವೆಲ್ಲ ಅದನ್ನೇ ಬಗೆಯುತ್ತೇವೆ.

ಬಾಳೆಲೆ ಹುಡುಗಿ

ಗೌರಮ್ಮನ ಬಗ್ಗೆ ಯಾರೂ ಹೇಳಲಿಲ್ಲ. ಕೋಟೆಯಲ್ಲಿ ಚರ್ಚಿನ ಕೆಲಸ ಶುರುವಾಗುವ ಮೂರು ವರ್ಷ ಮೊದಲೇ, 1852ರಲ್ಲಿ, ಚಿಕ್ಕವೀರರಾಜೇಂದ್ರನ ಮಗಳಿಗೆ ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ದೀಕ್ಷಾಸ್ನಾನ ಆಯಿತು. ರಾಣಿ ವಿಕ್ಟೋರಿಯಾ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಕೊಟ್ಟಳು. ಆಗ ಗೌರಮ್ಮನಿಗೆ ಸುಮಾರು ಹನ್ನೊಂದು ವರ್ಷ. ರಾಜ ತೀರಿಕೊಂಡದ್ದು 1859ರಲ್ಲಿ, ಲಂಡನ್ನಿನಲ್ಲೇ. ಇಲ್ಲಿ ಅವನ ಕೋಟೆಯಲ್ಲಿ ಚರ್ಚು ಮುಗಿದ ಅದೇ ವರ್ಷ. ಗೌರಮ್ಮ 1864ರಲ್ಲಿ ತೀರಿಕೊಂಡಳು. ಇನ್ನೂ ಚಿಕ್ಕ ವಯಸ್ಸು. ನನಗೆ ಆ ಹುಡುಗಿಯನ್ನು ನೆನೆದರೆ ಕಣ್ಣು ತುಂಬುತ್ತದೆ.

ಪಾಲಿಬೆಟ್ಟ ದಾರಿ

ನಮ್ಮ ಪಾಲಿಬೆಟ್ಟದ ಕ್ರೈಸ್ಟ್ ಚರ್ಚನ್ನೂ ಇಲ್ಲಿ ಸೇರಿಸಬೇಕು. ಅದು ಪ್ಲಾಂಟರುಗಳ ಚರ್ಚು. ತೋಟದ ದೊರೆಗಳು ಭಾನುವಾರ ದೂರದೂರದ ಎಸ್ಟೇಟಿನಿಂದ ಬರುತ್ತಿದ್ದರು. ಮೇಲೆ ಅಕ್ಕ ಬ್ಯಾಂಬೂ ಅಂದರಲ್ಲ, ಅದು ನಮ್ಮ ಕಡೆಯೇ. ಆ ಹೆಸರು ಇಲ್ಲಿನ ಬ್ಯಾಂಬೂ ಕ್ಲಬ್ಬಿನಲ್ಲಿ ಈಗಲೂ ಉಳಿದಿದೆ. ಸುತ್ತ ಕಾಫಿ, ನಡುವೆ ದೊಡ್ಡ ಮರಗಳು. ಅಲ್ಲಿ ನಿಂತರೆ ಹಕ್ಕಿ ಸದ್ದು ಬಿಟ್ಟರೆ ಏನೂ ಇಲ್ಲ.

ಗಾರೆಮನೆ ಅಣ್ಣನಿಗೆ ಒಂದು ಪ್ರಶ್ನೆ ಇದೆ. ನಮ್ಮ ಕಡೆ ಒಂದು ಹಳೆ ಸ್ಮಶಾನದ ಕಾಂಪೌಂಡು ಗೋಡೆ ಇದೆ, ಊರಿನ ಹೆಸರು ಬೇಡ. ಕಲ್ಲು, ಸುಣ್ಣದ ಗಾರೆಯದ್ದು. ನೂರು ವರ್ಷ ದಾಟಿದೆ. ಅಲ್ಲಲ್ಲಿ ಗಾರೆ ಉದುರಿತ್ತು. ನಾವು ಕೆಲವರು ಸೇರಿ ಹಣ ಒಟ್ಟು ಮಾಡಿ ರಿಪೇರಿಗೆ ಕೊಟ್ಟೆವು. ಮಾಡಿದವರು ಹಳೆಯದನ್ನು ಕೆರೆದು ಸಿಮೆಂಟು ಮೆತ್ತಿದರು. ನೋಡಲು ಚೆನ್ನಾಗಿಯೇ ಇತ್ತು. ಎರಡೇ ಮಳೆಗಾಲ. ಈಗ ಸಿಮೆಂಟು ಹಪ್ಪಳದ ಹಾಗೆ ಎದ್ದು ಬರುತ್ತಿದೆ. ಬರುವಾಗ ಒಳಗಿನ ಕಲ್ಲಿನ ಮುಖವನ್ನೂ ಕಿತ್ತುಕೊಂಡು ಬರುತ್ತಿದೆ. ನನಗೆ ರಾತ್ರಿ ನಿದ್ದೆ ಬರುವುದಿಲ್ಲ, ಮುಂದೆ ನಿಂತು ಮಾಡಿಸಿದ್ದು ನಾನೇ. ಏನು ತಪ್ಪಾಯಿತು?

ಗಾರೆಮನೆ

ತಮ್ಮಾ, ನೀನು ಬೇಕೆಂದು ಮಾಡಿದ್ದಲ್ಲ. ಇದು ಎಲ್ಲ ಕಡೆ ಆಗುತ್ತಿರುವ ತಪ್ಪು. ಬಿಡಿಸಿ ಹೇಳುತ್ತೇನೆ.

ಹಳೆ ಗೋಡೆ ಒಣಗಿದ ಗೋಡೆ ಅಂದುಕೊಳ್ಳಬೇಡ. ಅದರ ಕೆಳಗೆ ಕಾಂಕ್ರೀಟು ಪಟ್ಟಿ ಇಲ್ಲ. ನೆಲದ ನೀರು ಮೇಲೆ ಏರುತ್ತದೆ. ಮಳೆ ನೀರು ಹೊರಗಿಂದ ಹೊಕ್ಕುತ್ತದೆ. ಸುಣ್ಣದ ಗಾರೆ ಮೆದು. ಅದರಲ್ಲಿ ಸಣ್ಣ ಸಣ್ಣ ತೂತು ಇರುತ್ತದೆ. ಮಳೆ ನಿಂತು ಬಿಸಿಲು ಬಂದ ಕೂಡಲೇ ಆ ತೂತಿನಿಂದ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ನನ್ನ ಅಪ್ಪ ಇದನ್ನು ಗೋಡೆ ಉಸಿರಾಡುವುದು ಅನ್ನುತ್ತಿದ್ದರು. ನಮ್ಮ ಕಡೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಕುಡಿಯುತ್ತದೆ. ಮಾಗಿ, ಬೇಸಿಗೆಯಲ್ಲಿ ಬಿಡುತ್ತದೆ.

ಸಿಮೆಂಟು ಗಟ್ಟಿ. ಅದು ಆ ದಾರಿ ಮುಚ್ಚುತ್ತದೆ. ಆದರೂ ಎಲ್ಲೋ ಕೂದಲೆಳೆ ಬಿರುಕು ಬಂದೇ ಬರುತ್ತದೆ. ಅಲ್ಲಿಂದ ನೀರು ಒಳಗೆ ಹೋಗುತ್ತದೆ, ಹೊರಗೆ ಬರಲು ಆಗುವುದಿಲ್ಲ. ಒಳಗೇ ನಿಂತು ಉಪ್ಪು ಕಟ್ಟುತ್ತದೆ. ಉಪ್ಪು ಒಣಗುವಾಗ ಉಬ್ಬಿ ಸಿಮೆಂಟನ್ನು ತಳ್ಳುತ್ತದೆ. ಸಿಮೆಂಟು ಕಲ್ಲನ್ನು ಬಿಗಿಯಾಗಿ ಹಿಡಿದಿರುವುದರಿಂದ ಹೋಗುವಾಗ ಕಲ್ಲಿನ ಮುಖವನ್ನೂ ತೆಗೆದುಕೊಂಡು ಹೋಗುತ್ತದೆ. ನಿನ್ನ ಗೋಡೆಗೆ ಆದದ್ದು ಇದೇ.

ಈಗ ಏನು ಮಾಡಬೇಕು? ಮಳೆಗಾಲದಲ್ಲಿ ಕೈ ಹಾಕಬೇಡ. ನವೆಂಬರ್ ಕಳೆದು ಗೋಡೆ ಒಣಗಲಿ. ತಾನಾಗಿ ಬಿಟ್ಟುಕೊಂಡಿರುವ ಸಿಮೆಂಟನ್ನು ಮಾತ್ರ ಸಣ್ಣ ಉಳಿಯಲ್ಲಿ ನಿಧಾನ ತೆಗೆಸು. ಗಟ್ಟಿ ಹಿಡಿದಿರುವ ಕಡೆ ಬಡಿಯಬೇಡ, ಕಲ್ಲು ಒಡೆಯುತ್ತದೆ. ಸುಣ್ಣವನ್ನು ಕಡಿಮೆ ಎಂದರೂ ಎರಡು ಮೂರು ವಾರ ನೀರಲ್ಲಿ ನೆನೆಹಾಕಬೇಕು. ಹೆಚ್ಚು ದಿನ ಇದ್ದಷ್ಟೂ ಒಳ್ಳೆಯದು. ಅದಕ್ಕೆ ಮರಳು, ಸ್ವಲ್ಪ ಸುರ್ಕಿ, ಅಂದರೆ ಇಟ್ಟಿಗೆ ಪುಡಿ. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುವುದು ಹಳೆ ಪದ್ಧತಿ. ತೆಳುವಾಗಿ ಎರಡು ಮೂರು ಸುತ್ತು ಕೊಡಿಸು, ಒಂದೇ ಸಲ ದಪ್ಪ ಬೇಡ. ಮೇಲೆ ಪ್ಲಾಸ್ಟಿಕ್ ಪೇಂಟು ಮಾತ್ರ ಬೇಡವೇ ಬೇಡ. ಸುಣ್ಣ ಬಳಿ ಸಾಕು. ಗೋಡೆಯ ಬುಡದಲ್ಲಿ ಮಣ್ಣು ಏರಿದ್ದರೆ ತೆಗೆದು, ನೀರು ಹರಿದು ಹೋಗಲು ಸಣ್ಣ ಚರಂಡಿ ಮಾಡಿಸು. ಅರ್ಧ ಕಾಯಿಲೆ ಅದರಲ್ಲೇ ಹೋಗುತ್ತದೆ.

ಬೇಕಿದ್ದರೆ ಡಿಸೆಂಬರಿನಲ್ಲಿ ನಾನೇ ಒಂದು ದಿನ ಬರುತ್ತೇನೆ. ಕೂಲಿ ಬೇಡ.

ಪಾಲಿಬೆಟ್ಟ ದಾರಿ

ಅಣ್ಣ, ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಪುತ್ತರಿ ಕಳೆದ ಮೇಲೆ ಬನ್ನಿ. ಊಟ ನಮ್ಮ ಮನೆಯಲ್ಲಿ.

ವಿರಾಜಪೇಟೆ ಗಡಿಯಾರ

ಗೋಥಿಕ್ ಮಾತು ಬಂದದ್ದರಿಂದ ಕೇಳುತ್ತೇನೆ. ನಮ್ಮ ವಿರಾಜಪೇಟೆಯ ಸೇಂಟ್ ಆನ್ಸ್ ಇದಕ್ಕಿಂತ ಹಳೆಯದಲ್ವಾ?

ಹಳೆ ಮೇಷ್ಟ್ರು

ಸಭೆಯಾಗಿ ಹಳೆಯದು. ಆದರೆ ಅದು ಕಥೋಲಿಕ ಚರ್ಚು. ಟಿಪ್ಪುವಿನ ಕಾಲದಲ್ಲಿ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ದೊಡ್ಡವೀರರಾಜೇಂದ್ರ 1792ರಲ್ಲಿ ಜಾಗ ಕೊಟ್ಟ. ಅದು ಅರಸ ಕೊಟ್ಟ ನೆಲ. ಕೋಟೆಯದ್ದು ಅರಸನನ್ನು ಇಳಿಸಿದವರು ತೆಗೆದುಕೊಂಡ ನೆಲ. ಹಾಲೇರಿ ದಾರಿಯವರ ಬೇಸರ ಯಾಕೆ ಬೇರೆ ಅನ್ನುವುದು ಇದರಲ್ಲಿ ಕಾಣುತ್ತದೆ.

ಈಗ ಮಂಜುಬೆಟ್ಟ ಅವರ ಅಕ್ಕನ ಮಗಳಿಗೆ ಉತ್ತರ ಕೊಡುತ್ತೇನೆ.

ಸೇಂಟ್ ಮಾರ್ಕ್ಸ್‌ಗೆ ಬರುತ್ತಿದ್ದವರು ಸರ್ಕಾರದ ಬಿಳಿಯರು. ಅವರು ವರ್ಗವಾಗಿ ಬರುತ್ತಿದ್ದರು, ವರ್ಗವಾಗಿ ಹೋಗುತ್ತಿದ್ದರು. ಒಂದೇ ಮನೆಯ ಮೂರು ತಲೆಮಾರು ಅಲ್ಲಿ ಕೂತು ಪ್ರಾರ್ಥನೆ ಮಾಡಿದ್ದು ಕಡಿಮೆ. 1930ರಲ್ಲಿ ಭಾರತದ ಆಂಗ್ಲಿಕನ್ ಸಭೆ ಇಂಗ್ಲೆಂಡಿನ ಸಭೆಯಿಂದ ಕಾನೂನಿನಂತೆ ಬೇರೆಯಾಯಿತು. 1947ರಲ್ಲಿ ಸ್ವಾತಂತ್ರ್ಯ ಬಂತು. ದೊರೆಗಳು ಹಡಗು ಹತ್ತಿದರು. ಚರ್ಚಿನ ಬೆಂಚುಗಳು ಖಾಲಿಯಾದವು. ಅಲ್ಲಿ ದೀಪ ಹಚ್ಚುವ ಊರಿನ ಸಭೆ ಇರಲೇ ಇಲ್ಲ. 1956ರ ನವೆಂಬರಿನಲ್ಲಿ ಕೊಡಗು ಮೈಸೂರು ರಾಜ್ಯ ಸೇರಿತು. 1971ರಲ್ಲಿ ಕಟ್ಟಡ ರಾಜ್ಯದ ಪುರಾತತ್ವ ಇಲಾಖೆಯ ಕೈಗೆ ಬಂದು ಮ್ಯೂಸಿಯಂ ಆಯಿತು.

ಅಮ್ಮತ್ತಿಯ ಅಕ್ಕನ ಜನ ಹಾಗಲ್ಲ. ಅವರು ಇಲ್ಲೇ ಹುಟ್ಟಿದವರು, ಇಲ್ಲೇ ಮಣ್ಣಾಗುವವರು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹಲವು ಪ್ರೊಟೆಸ್ಟಂಟ್ ಸಭೆಗಳು ಸೇರಿ ದಕ್ಷಿಣ ಭಾರತ ಸಭೆ ಆಯಿತು, ನಾವು ಸಿಎಸ್‌ಐ ಅನ್ನುವುದು. ನಮ್ಮ ಕಡೆಯ ಬಾಸೆಲ್ ಮಿಶನ್ ಸಭೆಗಳೂ ಮುಂದೆ ಅದರೊಳಗೆ ಸೇರಿದವು. ಮಡಿಕೇರಿಯ ಶಾಂತಿ ಚರ್ಚಿನಲ್ಲಿ ಈ ಭಾನುವಾರವೂ ಕನ್ನಡದಲ್ಲಿ ಆರಾಧನೆ ಇರುತ್ತದೆ.

ಹಾಲೇರಿ ದಾರಿ

ಮೇಷ್ಟ್ರೇ, ಅಮ್ಮತ್ತಿ ಅಕ್ಕ, ಇಬ್ಬರಿಗೂ ಧನ್ಯವಾದ. ನನ್ನ ಬೇಸರ ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ಅದನ್ನು ತಪ್ಪು ಮನೆಯ ಬಾಗಿಲಿಗೆ ತೆಗೆದುಕೊಂಡು ಹೋಗುತ್ತಿದ್ದೆ. ಅಕ್ಕ ಹೇಳಿದ ಫಲಕದ ಮಾತು ನನಗೂ ಒಪ್ಪಿಗೆ. ಗುಡಿಯ ಹೆಸರು, ಚರ್ಚಿನ ಹೆಸರು, ಎರಡೂ ವರ್ಷ, ಎಲ್ಲ ಕನ್ನಡದಲ್ಲಿ. ಮನವಿ ಬರೆದರೆ ಮೊದಲ ಸಹಿ ನನ್ನದು.

ಅಮ್ಮತ್ತಿ ಕಾಫಿ

ಎರಡನೆಯದು ನನ್ನದು ಅಣ್ಣ. ಮನವಿ ಮೇಷ್ಟ್ರು ಬರೆಯಲಿ, ಅವರ ಕನ್ನಡ ಚೆನ್ನಾಗಿದೆ. ಅಲ್ಮಂಡ ಸೋಮಯ್ಯನವರ ಬಗ್ಗೆ ಮನೆಯಲ್ಲಿ ಹಳೆ ಕಾಗದ, ಫೋಟೋ ಇದ್ದವರು ಈ ಚರ್ಚೆ ಓದುತ್ತಿದ್ದರೆ ದಯವಿಟ್ಟು ತಿಳಿಸಿ. ಗೆದ್ದಲು ತಿನ್ನುವ ಮೊದಲು ಒಂದು ನಕಲು ಮಾಡಿಡೋಣ.

ಕುಡ್ಲದ ಹೆಂಚು

ಸ್ಕ್ಯಾನ್ ಮಾಡುವ ಕೆಲಸ ನನಗೆ ಬಿಡಿ. ಯಂತ್ರ ನನ್ನ ಬಳಿ ಇದೆ. ಸಂಪಾಜೆ ಘಾಟಿ ಹತ್ತಿ ಬರುತ್ತೇನೆ.

ಮಂಜುಬೆಟ್ಟ

ಒಂದು ಸಣ್ಣ ಪ್ರಶ್ನೆಗೆ ಇಷ್ಟು ಸಿಗುತ್ತದೆ ಅಂತ ಗೊತ್ತಿರಲಿಲ್ಲ. ಎಲ್ಲವನ್ನೂ ನಿನ್ನೆ ರಾತ್ರಿ ಫೋನಿನಲ್ಲಿ ಅವಳಿಗೆ ಓದಿ ಹೇಳಿದೆ. ಗೌರಮ್ಮನ ಕಥೆಯನ್ನು ಎರಡು ಸಲ ಹೇಳಿಸಿಕೊಂಡಳು. ಆಮೇಲೆ, "ಗುಡಿಯ ದೇವರು ಎಲ್ಲಿಗೆ ಹೋದ್ರು?" ಅಂದಳು. ಅದಕ್ಕೆ ಮತ್ತೆ ನಿಮ್ಮ ಹತ್ತಿರವೇ ಬರಬೇಕು.

ದಸರಾ ರಜೆಗೆ ಮಕ್ಕಳು ಮತ್ತೆ ಬರುತ್ತಾರೆ. ಗಾರೆಮನೆಯವರು ಹೇಳಿದ ಹಾಗೆ ನಾಲ್ಕೂ ಕಡೆ ನಡೆದು ನೋಡುವ ಯೋಚನೆ ಇದೆ. ಭಾನುವಾರ ಬೆಳಿಗ್ಗೆ ಮೊದಲು ಶಾಂತಿ ಚರ್ಚಿಗೆ ಹೋಗಿ ಹಾಡು ಕೇಳಿ, ಆಮೇಲೆ ಕೋಟೆಗೆ ಹೋಗೋಣವೇ? ಅಮ್ಮತ್ತಿ ಅಕ್ಕ, ನಮ್ಮಂಥವರು ಒಳಗೆ ಬಂದು ಕೂರಬಹುದಾ?

ಅಮ್ಮತ್ತಿ ಕಾಫಿ

ಖಂಡಿತ ಬನ್ನಿ ತಂಗಿ. ನಾನು ಬಾಗಿಲಲ್ಲೇ ನಿಂತಿರುತ್ತೇನೆ. ಆ ಮಗುವನ್ನು ನನ್ನ ಪಕ್ಕ ಕೂರಿಸಿ, ಕೀರ್ತನೆ ಪುಸ್ತಕ ನಾನು ಹಿಡಿದುಕೊಳ್ಳುತ್ತೇನೆ.